ಕೂರಿಗೆ ಬಡಿಗೇರರ ಮೊದಲ ಗಿಟಾರು

ಅಕ್ಕಿಆಲೂರಿನ ಅಕ್ಕಿ ಗಿರಣಿ ಇನ್ನೂ ಶುರುವಾಗಿಲ್ಲ. ಅದರ ಹಿಂದಿನ ಓಣಿಯಲ್ಲಿ, ತಗಡಿನ ಚಪ್ಪರದ ಕೆಳಗೆ, ಮೋನಪ್ಪ ಬಡಿಗೇರ ಒಂದು ಮಾವಿನ ಹಲಗೆಗೆ ಹಗ್ಗ ಕಟ್ಟಿ ತೊಲೆಯಿಂದ ತೂಗುಬಿಟ್ಟಿದ್ದಾರೆ. ಹಲಗೆಗೆ ಉದ್ದನೆಯ ಕುತ್ತಿಗೆ ಇದೆ. ಕುತ್ತಿಗೆಯ ತುದಿಗೆ ಒಂದು ಕಲ್ಲನ್ನು ಹರಕು ಬಟ್ಟೆಯಲ್ಲಿ ಸುತ್ತಿ ಕಟ್ಟಿದೆ. ಮೋನಪ್ಪ ಕೈ ಬಿಡುತ್ತಾರೆ. ಕುತ್ತಿಗೆ ನಿಧಾನವಾಗಿ ನೆಲದತ್ತ ಬಾಗುತ್ತದೆ.

ಅವರು ಹಲಗೆಯ ಮೇಲಂಚಿಗೆ ಮೊಳೆ ಹೊಡೆದು ಅಡ್ಡ ಚಾಚಿಸಿದ ಬಿದಿರುಕಡ್ಡಿಯ ಮೇಲೆ ಹಗ್ಗದ ಗಂಟನ್ನು ಒಂದು ಬೆರಳಿನಷ್ಟು ಕುತ್ತಿಗೆಯ ಕಡೆಗೆ ಸರಿಸುತ್ತಾರೆ. ಮತ್ತೆ ಕೈ ಬಿಡುತ್ತಾರೆ. ಮತ್ತೆ ಬಾಗುತ್ತದೆ, ಮೊದಲಿಗಿಂತ ಕಡಿಮೆ.

“ಗಿರಣಿ ಚಾಲೂ ಆತಂದ್ರ ಮುಗೀತ್ರಿ ಅಕ್ಕಾರ. ಪಟ್ಟಾ ತಿರುಗಾಕ ಹತ್ತಿದ್ರ ನೆಲಾನ ನಡಗತೈತಿ. ಆಮ್ಯಾಲ ಇದು ತಾನ ಅಲ್ಲಾಡತೈತೋ, ಗಿರಣಿ ಅಲ್ಲಾಡಸತೈತೋ ತಿಳಿಯೂದಿಲ್ಲ. ಅದಕ್ಕ ನಸಿಕಿನ್ಯಾಗ ಈ ಕೆಲಸ,” ಎಂದು ನೋಡಲು ಬಂದ ನನಗೆ ಹೇಳುತ್ತಾರೆ.

ಹೀಗೆ ತೂಗುತ್ತಿರುವುದು ಇನ್ನೂ ಹುಟ್ಟದ ಒಂದು ಗಿಟಾರು. ಆ ಕಲ್ಲು ತಂತಿ ಬಿಗಿಯುವ ಬಿರಡೆಗಳ ತೂಕದ ಬದಲಿಗೆ. ಆರ್ಕೆಸ್ಟ್ರಾದವರು ಹೆಗಲಿಗೆ ಹಾಕಿಕೊಳ್ಳುವ, ಕರೆಂಟಿನಿಂದ ನುಡಿಯುವ ಗಿಟಾರು. ಐವತ್ತೈದು ದಾಟಿದ ಮೋನಪ್ಪ ಇಂಥದೊಂದನ್ನು ಮಾಡುತ್ತಿರುವುದು ಇದೇ ಮೊದಲು. ಅದರ ಆಕಾರ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗುವ ತನಕ ಅಟ್ಟದ ಮೇಲಿನ ಶಿವಣಿ ಹಲಗೆಯನ್ನು ಕೆಳಗಿಳಿಸುವುದಿಲ್ಲ ಎನ್ನುತ್ತಾರೆ. ಶಿವಣಿ ಹಗುರವಾದ ಮರ, ಒಣಗಿದ ಮೇಲೆ ಸೊಟ್ಟಗಾಗುವುದಿಲ್ಲ. ಅವರ ತಂದೆ ಒಣಗಲು ಇಟ್ಟು ಹೋದದ್ದು. ಅಷ್ಟು ಅಗಲದ್ದು ಅವರ ಬಳಿ ಒಂದೇ ಇದೆ.

“ಮಾವು ತಪ್ಪಿದ್ರ ಒಲೀಗೆ ಹಾಕ್ತೇನಿ. ಶಿವಣಿ ತಪ್ಪಿದ್ರ ಎಲ್ಲಿಗೆ ಹೋಗ್ಲಿ?”

ಮೋನಪ್ಪನವರ ನಿಜವಾದ ಕಸುಬು ಕೂರಿಗೆ. ಹಾನಗಲ್ಲ ಸೀಮೆಯಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುತ್ತಾರೆ. ಮೇಲಿನ ಮರದ ಬಟ್ಟಲಿಗೆ ಹಾಕಿದ ಬೀಜ ಎಲ್ಲ ಕೊಳವೆಗಳಿಗೂ ಸಮವಾಗಿ ಇಳಿಯಬೇಕು. ಬಟ್ಟಲಿನ ಒಂದು ತೂತು ಚೂರು ಓರೆಯಾದರೂ ಹೊಲದಲ್ಲಿ ಒಂದು ಸಾಲು ದಟ್ಟ, ಇನ್ನೊಂದು ಸಾಲು ಬೋಳು. ತಪ್ಪು ಯಾರದೆಂದು ಹದಿನೈದು ದಿನಕ್ಕೆ ಊರಿಗೆಲ್ಲ ಕಾಣುತ್ತದೆ. ಮಳೆಗೆ ಮುಂಚಿನ ಎರಡು ತಿಂಗಳು ಅವರು ದಿನಕ್ಕೆ ಮೂರು ನಾಲ್ಕು ಕೂರಿಗೆ ಮುಟ್ಟುತ್ತಾರೆ. ಉಳಿದ ಕಾಲದಲ್ಲಿ ಮಂಚ, ಬಾಗಿಲು, ಕಿಟಕಿ.

ವಾದ್ಯಗಳು ಅವರ ಕೈಗೆ ಬಂದದ್ದು ಆಕಸ್ಮಿಕ. ಬಹಳ ವರ್ಷಗಳ ಹಿಂದೆ ಹಾನಗಲ್ಲಿನಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯೊಂದರ ಕಾಲುಪೆಟ್ಟಿಗೆ, ಅಂದರೆ ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ, ಚಕ್ಕಡಿಯಿಂದ ಬಿತ್ತು. ಅವತ್ತು ನಾಟಕವಿತ್ತು. ಬೇರೆ ಯಾರೂ ಸಿಗದೆ ಕೂರಿಗೆ ಮಾಡುವವನನ್ನು ಕರೆಸಿದರು. ಪೆಟ್ಟಿಗೆ ನುಡಿಯಿತು. ಅಂದಿನಿಂದ ಸುತ್ತಲಿನ ಭಜನಿ ಮಂಡಳಿಗಳ ಹಾರ್ಮೋನಿಯಂಗಳೆಲ್ಲ ಈ ಚಪ್ಪರಕ್ಕೆ ಬರುತ್ತವೆ. ಅವರಿಗೆ ಹಾಡಲು ಬರುವುದಿಲ್ಲ, ನುಡಿಸಲೂ ಬರುವುದಿಲ್ಲ. “ಬೇಸೂರ ಆದದ್ದು ಗೊತ್ತಾಗತೈತಿ, ಅಷ್ಟ,” ಎನ್ನುತ್ತಾರೆ.

ಈಗ ಗಿಟಾರು ಬಂದಿರುವುದು ಕೂರಿಗೆಯ ದಿನಗಳಲ್ಲೇ. ಗೋಡೆಗೆ ಒರಗಿಸಿದ ಕೂರಿಗೆಗಳ ಸಾಲು ಬೆಳೆಯುತ್ತಿದೆ. ತಮ್ಮ ಕೂರಿಗೆ ಎಲ್ಲಿಗೆ ಬಂತೆಂದು ನೋಡಲು ಬಂದ ರೈತ ಕರಿಬಸಪ್ಪ ತೂಗುವ ಹಲಗೆಯನ್ನು ನೋಡುತ್ತ ನಿಲ್ಲುತ್ತಾರೆ.

“ತಂತಿ ಮೀಟಿದ್ರ ಭತ್ತ ಹುಟ್ಟತೈತೇನೋ ಮೋನಪ್ಪ?”

“ಇಲ್ಲಪಾ. ಆದ್ರ ಮದ್ಯಾಹ್ನ ನಿನ್ನ ಕೂರಿಗಿ ಒಯ್ದಿ ಅಂದ್ರ ಹುಟ್ಟತೈತಿ.”

“ನಿನ್ನೀನೂ ಮದ್ಯಾಹ್ನ ಅಂದಿದ್ದಿ.”

“ನಿನ್ನೀ ಮದ್ಯಾಹ್ನ ಬ್ಯಾರೆ.”

ಕರಿಬಸಪ್ಪ ನಗುತ್ತ ಹೋಗುತ್ತಾರೆ. ಮೋನಪ್ಪ ನಗುವುದಿಲ್ಲ. ಗಂಟನ್ನು ಇನ್ನೊಂದು ಬೆರಳು ಸರಿಸುತ್ತಾರೆ.

ಗಿಟಾರು ಬೇಕಾದವನು ಸವಣೂರಿನ ಮಜೀದ. ಇಪ್ಪತ್ತೆರಡು ವರ್ಷ. ಶಿಗ್ಗಾವಿಯ ಮಲ್ಲೇಶಪ್ಪ ಎಂಬುವವರು ನಡೆಸುವ ಆರ್ಕೆಸ್ಟ್ರಾದಲ್ಲಿ ಇದ್ದಾನೆ. ಟೇಪ್ ರೆಕಾರ್ಡರಿನಲ್ಲಿ ಒಂದು ಹಾಡನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ಅವನ ಬೆರಳಿನಲ್ಲಿ ಬರುತ್ತದೆ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸಣ್ಣದಾಗಿ ಉಳಿದಿದೆ. ನಡೆಯುವಾಗ ಎಡಗೈಯಿಂದ ಆ ಮೊಣಕಾಲನ್ನು ಒತ್ತಿ ಹಿಡಿದು ಹೆಜ್ಜೆ ಹಾಕುತ್ತಾನೆ. ಈ ತನಕ ಕುರ್ಚಿಯ ಮೇಲೆ ಕೂತು ಹೊಟ್ಟೆ ಟೊಳ್ಳಾದ ಹಳೆಯ ಡಬ್ಬಿ ಗಿಟಾರು ನುಡಿಸಿಕೊಂಡು ಬಂದಿದ್ದಾನೆ.

ಈಗ ಮದುವೆ ಮನೆಯವರು ಕರೆಂಟಿನ ಗಿಟಾರು ಕೇಳುತ್ತಾರೆ. ಅದನ್ನು ನುಡಿಸುವವನು ನಿಂತಿರಬೇಕು. ಮಲ್ಲೇಶಪ್ಪ ಮಜೀದನಿಗೆ ಒಂದು ಮಾತು ಹೇಳಿದ್ದಾರೆ: “ಕುಂತು ಬಾರಸಾವ್ರು ತಬಲಾದವ್ರು. ಗಿಟಾರದವ ನಿಂದರಬೇಕು ನೋಡಪಾ. ವೈಶಾಖದಾಗ ಶಿಗ್ಗಾಂವ್ಯಾಗ ದೊಡ್ಡ ಮದುವಿ ಐತಿ. ಆಗತೈತೋ ಇಲ್ಲೋ ಹೇಳು. ಇಲ್ಲಂದ್ರ ಹುಬ್ಬಳ್ಳಿಯಿಂದ ಒಬ್ಬನ್ನ ಕರಕೊಂಡು ಬರ್ತೇನಿ.”

ಮಜೀದ ಹುಬ್ಬಳ್ಳಿಯ ಅಂಗಡಿಗೆ ಹೋಗಿ ಮಾರಾಟಕ್ಕಿದ್ದ ಗಿಟಾರನ್ನು ಹೆಗಲಿಗೆ ಹಾಕಿ ನೋಡಿದ. ಕುತ್ತಿಗೆ ಎಡಕ್ಕೆ ಜಗ್ಗಿತು. ಕಾಲು ಗಟ್ಟಿ ಇದ್ದವರಿಗೆ ಅದು ಗೊತ್ತೇ ಆಗುವುದಿಲ್ಲ. ಎಡಗೈಯಲ್ಲಿ ಸ್ವಲ್ಪ ಎತ್ತಿ ಹಿಡಿಯುತ್ತಾರೆ. ಮಜೀದನಿಗೆ ಎಡಕ್ಕೆ ಬಂದ ತೂಕವೆಲ್ಲ ಬಲವಿಲ್ಲದ ಕಾಲಿನ ಮೇಲೆ ಬಂತು. ಅಂಗಡಿಯ ಮೇಜು ಹಿಡಿದುಕೊಂಡು ನಿಂತೆ ಎಂದು ಹೇಳುತ್ತಾನೆ. ಅಲ್ಲಿಂದ ಅವನು ಬಂದದ್ದು ಅಕ್ಕಿಆಲೂರಿಗೆ.

ಬರುವಾಗ ಸಿನಿಮಾ ಪತ್ರಿಕೆಯಿಂದ ಹರಿದ ಒಂದು ಚಿತ್ರ ತಂದಿದ್ದ. ಅದರಲ್ಲಿರುವ ಕೆಂಪು ಗಿಟಾರಿಗೆ ಕುತ್ತಿಗೆಯ ಇಕ್ಕೆಲದಲ್ಲಿ ಎರಡು ಕೊಂಬುಗಳಿವೆ, ಎರಡೂ ಒಂದೇ ಸಮ. ಆ ಚಿತ್ರ ಈಗ ಚಪ್ಪರದ ಕಂಬಕ್ಕೆ ಅಂಟಿಕೊಂಡಿದೆ. ಮೋನಪ್ಪ ಹಗ್ಗ ಕಟ್ಟಿದ ಬಿದಿರುಕಡ್ಡಿ ನಿಂತಿರುವುದು ಮೇಲಿನ ಕೊಂಬಿನ ಜಾಗದಲ್ಲಿ. ಹೆಗಲಿನ ಪಟ್ಟಿ ಅದರ ತುದಿಗೆ ಬರಬೇಕು. ಸೂರ್ಯ ಗಿರಣಿಯ ಮಾಡಿಗೆ ಬರುವ ಹೊತ್ತಿಗೆ, ಗಂಟು ಕಡ್ಡಿಯ ಕೊನೆ ಮುಟ್ಟಿದಾಗ, ಹಲಗೆ ಬಾಗದೆ ನೇರ ನಿಲ್ಲುತ್ತದೆ. ಮೋನಪ್ಪ ಸೀಸದಕಡ್ಡಿಯಿಂದ ಅಲ್ಲೊಂದು ಗುರುತು ಹಾಕುತ್ತಾರೆ. ಹಾಗೆ ಮಾಡಿದರೆ ಮೇಲಿನ ಕೊಂಬು ಕೆಳಗಿನದಕ್ಕಿಂತ ಗೇಣು ಉದ್ದವಾಗುತ್ತದೆ.

“ಅಂವಗ ಇನ್ನೂ ಹೇಳಿಲ್ಲರಿ,” ಎನ್ನುತ್ತಾರೆ.

ಎರಡನೆಯ ಸಲ ನಾನು ಹೋದಾಗ ಮಾವಿನ ಹಲಗೆಗೆ ತಂತಿಗಳು ಬಂದಿವೆ. ಹಾನಗಲ್ಲಿನ ರೇಡಿಯೋ ರಿಪೇರಿಯ ಮೆಹಬೂಬ ಧ್ವನಿ ಎತ್ತಿಕೊಳ್ಳುವ ಆಯಸ್ಕಾಂತವನ್ನೂ ಸದ್ದು ಏರಿಳಿಸುವ ತಿರುಗಣಿಯನ್ನೂ ಕೂರಿಸಿಕೊಟ್ಟಿದ್ದಾರೆ. ಮಜೀದ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಶಿಗ್ಗಾವಿಗೆ ಒಯ್ದು ಆರ್ಕೆಸ್ಟ್ರಾದವರ ಮುಂದೆ ನುಡಿಸಿ ಬಂದಿದ್ದಾನೆ. ಏನಾಯಿತೆಂದು ಅವನೇ ಹೇಳುತ್ತಾನೆ, ನಗುತ್ತಲೇ.

“ಮಲ್ಲೇಶಣ್ಣ ಮೊದಲ ಏನಂದ ಗೊತ್ತೇನ್ರಿ? ‘ಇದೇನೋ, ರೊಟ್ಟಿ ಬಡಿಯೂ ಹಲಗಿ ತಂದೀ?’ ಅಂದ. ನಕ್ಕರು. ಬಾರಿಸಿದೆ. ಕೆಳಗಿನ ಮಟ್ಟ ಚಲೋ ಬಂತು. ಮ್ಯಾಲ ಹೋದಂಗ ಹೋದಂಗ ಸೂರ ಇಳೀತು. ಹಾಡಾಕ ನಿಂತಿದ್ದ ಹುಡುಗಿ ಕಿವಿ ಮುಚ್ಚಿಕೊಂಡ್ಲು. ಆಮ್ಯಾಲ ಮಲ್ಲೇಶಣ್ಣ ನನ್ನ ಕೈಯಾಗ ಗೆಜ್ಜಿ ಕೊಟ್ಟ. ‘ಸದ್ಯಕ್ಕ ಇದನ್ನ ಅಲ್ಲಾಡಸು’ ಅಂದ.”

ಗೆಜ್ಜೆ ಅಲ್ಲಾಡಿಸುವುದನ್ನು ಕೈಯಲ್ಲಿ ಮಾಡಿ ತೋರಿಸುತ್ತಾನೆ. ಮೋನಪ್ಪನವರ ಹೆಂಡತಿ ಕಾಳವ್ವ ಚಹಾ ತಂದಿಟ್ಟವರು ಅಲ್ಲೇ ನಿಂತು ಕೇಳುತ್ತಾರೆ.

ತಪ್ಪು ಎಲ್ಲಿದೆ ಎಂದು ಮೋನಪ್ಪನವರಿಗೆ ಗೊತ್ತಿದೆ. ಮಾಡುವಾಗಲೇ ಗೊತ್ತಿತ್ತು, ಆದರೆ ಅದು ತಪ್ಪೆಂದು ತಿಳಿದಿರಲಿಲ್ಲ.

ಬಡಿಗೇರರು ಯಾವ ಸಾಮಾನು ಮಾಡಿದರೂ ಆಯ ನೋಡುತ್ತಾರೆ. ಉದ್ದವನ್ನೂ ಅಗಲವನ್ನೂ ನೂಲಿನಲ್ಲಿ ಅಳೆಯುತ್ತಾರೆ. ಇಂಚಿಗೆ ಎಂಟು ನೂಲು. ಎರಡನ್ನೂ ಗುಣಿಸಿ ಎಂಟರಿಂದ ಭಾಗಿಸಿ ಏನು ಉಳಿಯಿತೆಂದು ನೋಡುತ್ತಾರೆ. ಏಳು ಉಳಿದರೆ ಆನೆಯ ಆಯ, ಶುಭ. ಏನೂ ಉಳಿಯದಿದ್ದರೆ ಕಾಗೆಯ ಆಯ. ಅಂಥ ಸಾಮಾನು ಮನೆಗೆ ಆಗಿಬರುವುದಿಲ್ಲ. ಮಂಚ ಕಾಗೆಗೆ ಬಂದರೆ ಒಂದು ನೂಲು ಹೆಚ್ಚು ಕಡಿಮೆ ಮಾಡಿ ಸರಿಪಡಿಸುತ್ತಾರೆ. ಮಲಗುವವನಿಗೆ ಗೊತ್ತೂ ಆಗುವುದಿಲ್ಲ.

ಮಜೀದನ ಹಳೆಯ ಗಿಟಾರಿನ ತಂತಿಯ ಉದ್ದ ಇಪ್ಪತ್ತೈದು ಇಂಚು. ಇನ್ನೂರು ನೂಲು. ಅಗಲ ಎಷ್ಟೇ ನೂಲಿದ್ದರೂ ಅದು ಕಾಗೆಗೇ ಬರುತ್ತದೆ. ಮೋನಪ್ಪ ಬೆರಳು ಒತ್ತುವ ಹಿತ್ತಾಳೆಯ ಗೆರೆಗಳನ್ನೆಲ್ಲ ಹಳೆಯದರಲ್ಲಿ ಇದ್ದಂತೆಯೇ ಕೂರಿಸಿದರು. ತಂತಿಗಳಿಗೆ ಆಸರೆಯಾಗಿ ಕೆಳಗೆ ನಿಲ್ಲುವ ಕುದುರೆಯನ್ನು ಮಾತ್ರ ಮೂರು ನೂಲು ಹಿಂದಕ್ಕೆ ಇಟ್ಟರು. ಆನೆ ಬಂತು.

ಒಂದು ನೂಲು ಸರಿಸಿದರೂ ಕಾಗೆ ತಪ್ಪುತ್ತಿತ್ತಲ್ಲ ಎಂದು ಕೇಳುತ್ತೇನೆ.

“ತಪ್ಪತಿತ್ರಿ. ಒಂದು ಸರಿಸಿದ್ರ ಎತ್ತು ಬರತಿತ್ತು, ಅದೂ ಚಲೋನ. ಆದ್ರ ಆನಿ ಅಂದ್ರ ನಾಲ್ಕೂ ಕಾಲು ಗಟ್ಟಿ ನೆಲದ ಮ್ಯಾಲ ಊರಿ ನಿಂದರೂದು. ಈ ಹುಡುಗಗ ಬೇಕಾದದ್ದು ಅದ ಅಲ್ಲೇನ್ರಿ? ಒಂದು ಕಾಲ ದೇವರು ಮೊದಲ ಕಸಗೊಂಡಾನ. ಅದರ ಮ್ಯಾಲ ನಾನೂ ಕಾಗಿ ಆಯದ್ದು ಕೈಯಾಗ ಕೊಟ್ಟು ಕಳಸ್ಲೇನು?”

ಮತ್ತೆ ಹೇಳುತ್ತಾರೆ: “ನಮ್ಮಪ್ಪ ಒಂದು ಕುಂದ್ರೂ ಮಣಿ ಸೈತ ಆಯ ಬಿಟ್ಟು ಮಾಡಿದಾವ ಅಲ್ಲ.”

“ಇವರು ಆಯ ಕಟ್ಟಿ ಮಾಡಿದ ಮಂಚದ ಮ್ಯಾಲ ಊರ ಮಂದಿಗೆಲ್ಲಾ ಮಕ್ಕಳಾದ್ವು,” ಎನ್ನುತ್ತಾರೆ ಕಾಳವ್ವ. “ಗಿಟಾರಕ್ಕ ಏನ ಆಗಬೇಕಾಗಿತ್ತೋ!”

ಮಜೀದ ಜೋರಾಗಿ ನಗುತ್ತಾನೆ. ಮೋನಪ್ಪ ಚಹಾದ ಕಪ್ಪು ಕೆಳಗಿಟ್ಟು, ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡು, ತಂತಿಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಕುದುರೆಯನ್ನು ಬಿಚ್ಚುತ್ತಾರೆ. ಅಳತೆಗೋಲು ಇಟ್ಟು ಮೂರು ನೂಲು ಮುಂದೆ ಹೊಸ ಗೆರೆ ಹಾಕುತ್ತಾರೆ. ಗೆರೆಯ ಮೇಲೆ ಸೀಸದಕಡ್ಡಿ ಹಿಡಿದ ಕೈ ಬಹಳ ಹೊತ್ತು ಹಾಗೇ ಇರುತ್ತದೆ. ಆಮೇಲೆ ಬೈರಿಗೆ ತೆಗೆದುಕೊಂಡು ತೂತು ಕೊರೆಯುತ್ತಾರೆ.

ಕೊರೆದಾದ ಮೇಲೆ ಮಜೀದನಿಗೆ ಹೇಳುತ್ತಾರೆ. “ಕಾಗಿಗೆ ಬಂತು ನೋಡು. ಹೇಳದ ಕೊಡಬಾರದು, ಅದಕ್ಕ ಹೇಳೇನಿ. ನಿಮ್ಮವ್ವಗೂ ಹೇಳು.”

“ಬರ್ಲಿ ತಗೋರಿ ಮಾಮಾ. ಕಾಗಿ ಕರೆಂಟಿನ ವಾಯರಿನ ಮ್ಯಾಲ ಆರಾಮ ನಿಂದರತೈತಿ. ಆನೀ ನಿಂದರತೈತೇನು? ಅಷ್ಟೂ ಅಂಜಿಕಿ ಇದ್ರ ಹುಲಗೂರ ದರ್ಗಾದಾಗ ಸಕ್ರಿ ಓದಿಸಿಕೊಂಡು ಬರ್ತೇನಿ.”

“ಓದಿಸಿಕೊಂಡ ಬಾ,” ಎನ್ನುತ್ತಾರೆ ಮೋನಪ್ಪ. ಅವರು ತಮಾಷೆ ಮಾಡುತ್ತಿಲ್ಲ. ಮರುದಿನ ತಾವೂ ಕಾಳಿಕಮ್ಮನ ಗುಡಿಗೆ ಹೋಗಿ ಕಾಯಿ ಒಡೆಸುತ್ತಾರೆ.

ಅವತ್ತೇ ಕುದುರೆ ಕೂರಿಸಿ ತಂತಿ ಮತ್ತೆ ಬಿಗಿಯುತ್ತಾರೆ. ಮಜೀದ ಕೆಳಗಿನಿಂದ ಮೇಲಿನ ತನಕ ಒಂದೊಂದೇ ಸ್ವರ ಒತ್ತಿ ನೋಡುತ್ತಾನೆ. ಕೊನೆಯ ಗೆರೆಯಲ್ಲೂ ಸ್ವರ ತನ್ನ ಜಾಗದಲ್ಲಿದೆ. ಅವನು ಇನ್ನೊಮ್ಮೆ ಒತ್ತಿ ನೋಡುತ್ತಾನೆ.

ಮೂರನೆಯ ಸಲ ನಾನು ಹೋದದ್ದು ಕೊಂಬಿನ ಜಗಳದ ದಿನ.

ಮೋನಪ್ಪ ರಟ್ಟಿನಲ್ಲಿ ಗಿಟಾರಿನ ಆಕಾರ ಕತ್ತರಿಸಿ ಶಿವಣಿ ಹಲಗೆಯ ಮೇಲೆ ಇಟ್ಟಿದ್ದಾರೆ. ಹಲಗೆ ಅಟ್ಟದಿಂದ ಇಳಿದಿದೆ, ಗರಗಸವೂ ಹೊರಗೆ ಬಂದಿದೆ. ಮಜೀದ ರಟ್ಟನ್ನು ನೋಡುತ್ತಾನೆ, ಕಂಬದ ಮೇಲಿನ ಚಿತ್ರವನ್ನು ನೋಡುತ್ತಾನೆ.

“ಇದು ಬ್ಯಾಡ ಮಾಮಾ.”

“ಯಾಕ?”

“ಒಂದು ಕೊಂಬು ಉದ್ದ, ಒಂದು ಗಿಡ್ಡ. ಮಂದಿ ಏನಂತಾರ? ಕುಂಟನ ಗಿಟಾರನೂ ಕುಂಟ ಅಂತಾರ. ಎಲ್ಲಾರ ಗಿಟಾರ ಇದ್ದಂಗ ನನ್ನದೂ ಇರ್ಲಿ. ಎರಡೂ ಸಮ ಮಾಡ್ರಿ.”

ಅವನು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಈ ಮೊದಲು ಕೇಳಿಲ್ಲ. ಮೋನಪ್ಪ ಗರಗಸವನ್ನು ಬದಿಗಿಟ್ಟು ಮಾವಿನ ಹಲಗೆ ತರುತ್ತಾರೆ. ಹೆಗಲಿನ ಪಟ್ಟಿಯನ್ನು ಬಿದಿರುಕಡ್ಡಿಯ ನಡುವಿನಲ್ಲಿ, ಚಿತ್ರದಲ್ಲಿ ಕೊಂಬು ಮುಗಿಯುವಷ್ಟು ದೂರಕ್ಕೆ, ಕಟ್ಟುತ್ತಾರೆ.

“ನಿಂದರು.”

ಮಜೀದ ಮೊಣಕಾಲು ಒತ್ತಿಕೊಂಡು ಏಳುತ್ತಾನೆ. ಪಟ್ಟಿ ಹೆಗಲಿಗೆ ಬರುತ್ತದೆ. ಬಲಗೈ ತಂತಿಯ ಮೇಲೆ.

“ಈಗ ಎಡಗೈ ಬಿಡು.”

ಮೊಣಕಾಲಿನಿಂದ ಕೈ ತೆಗೆಯುತ್ತಾನೆ. ಕುತ್ತಿಗೆ ಎಡಕ್ಕೆ ಇಳಿಯುತ್ತದೆ; ಹೆಗಲು ಅದರ ಹಿಂದೆ ಹೋಗುತ್ತದೆ; ಕಾಲು ಮಡಿಯುತ್ತದೆ. ಮೋನಪ್ಪ ಪಕ್ಕದಲ್ಲೇ ಇದ್ದಾರೆ, ರಟ್ಟೆ ಹಿಡಿಯುತ್ತಾರೆ. ಒಳಗಿನಿಂದ ಕಾಳವ್ವ ಓಡಿ ಬಂದು, “ಏನ ಹಚ್ಚೀರಿ ಆ ಹುಡುಗನ್ನ ಹಿಡಕೊಂಡು?” ಎಂದು ಗಂಡನನ್ನು ಬೈಯುತ್ತಾರೆ.

ಮೋನಪ್ಪ ಪಟ್ಟಿಯನ್ನು ಬಿಚ್ಚಿ ಕಡ್ಡಿಯ ಕೊನೆಗೆ, ತಾವು ಅಂದು ಗುರುತು ಹಾಕಿದ ಜಾಗಕ್ಕೆ ಕಟ್ಟುತ್ತಾರೆ.

“ಈಗ ನಿಂದರು.”

ಮಜೀದ ಏಳುತ್ತಾನೆ. ಈ ಸಲ ತಾನಾಗಿ ಕೈ ಬಿಡುವುದಿಲ್ಲ. ಮೊದಲು ಒಂದು ಬೆರಳು ಎತ್ತುತ್ತಾನೆ. ಆಮೇಲೆ ಅಂಗೈ. ಕುತ್ತಿಗೆ ಇದ್ದಲ್ಲೇ ಇದೆ. ತೂಕ ಬಲಗಾಲಿನ ಮೇಲೆ ಕೂತಿದೆ. ಸಣ್ಣ ಕಾಲು ಪಕ್ಕದಲ್ಲಿ ಸುಮ್ಮನೆ ನೆಲ ಮುಟ್ಟಿ ನಿಂತಿದೆ. ಬಲಗೈಯನ್ನೂ ತಂತಿಯಿಂದ ತೆಗೆಯುತ್ತಾನೆ. ಈಗ ಅವನ ಎರಡೂ ಕೈ ಗಾಳಿಯಲ್ಲಿವೆ. ಅವನು ಅವನ್ನು ನೋಡುತ್ತಾನೆ.

“ಕೈ ಏನ ಮಾಡ್ಲಿ ಮಾಮಾ?”

“ಬಾರಸಪಾ. ಮತ್ತೇನ ಮಾಡ್ತಿ.”

ಅವನು ನುಡಿಸುತ್ತಾನೆ. ಕರೆಂಟಿಲ್ಲದ ತಂತಿಯ ಸದ್ದು ಚಪ್ಪರದ ಆಚೆಗೆ ಕೇಳಿಸುವಂತಿಲ್ಲ. ಕಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುತ್ತಾರೆ. ಹಾಡು ಮುಗಿಯುವ ಮುಂಚೆಯೇ ಮಜೀದ ಮೊಣಕಾಲಿಗೆ ಕೈ ಕೊಟ್ಟು ಕೂರುತ್ತಾನೆ. ಬೆವರಿದ್ದಾನೆ. ರಟ್ಟನ್ನು ಕೈಗೆ ತೆಗೆದುಕೊಂಡು ಉದ್ದದ ಕೊಂಬಿನ ಮೇಲೆ ಬೆರಳಾಡಿಸುತ್ತಾನೆ.

“ಉದ್ದಾನ ಇರ್ಲಿ,” ಎನ್ನುತ್ತಾನೆ. “ಆದ್ರ ಬಣ್ಣ ಕೆಂಪ.”

“ಬಣ್ಣ ನಿಂದು,” ಎನ್ನುತ್ತಾರೆ ಮೋನಪ್ಪ. ರಟ್ಟನ್ನು ವಾಪಸು ಪಡೆದು ಶಿವಣಿಯ ಮೇಲಿಟ್ಟು, ಸುತ್ತ ಗೆರೆ ಎಳೆಯುತ್ತಾರೆ. ಗರಗಸ ಇಳಿಸುವ ಮುಂಚೆ ಅದಕ್ಕೂ ಹಲಗೆಗೂ ಕೈಮುಗಿಯುತ್ತಾರೆ. ಗೆರೆ ಬಿಟ್ಟು ಗರಗಸ ಎಲ್ಲೂ ಆಚೆ ಹೋಗುವುದಿಲ್ಲ. ಕೆಳಗಿನ ಕೊಂಬಿನ ಹತ್ತಿರ ಮಾತ್ರ, ಕೈ ಮೇಲಿನ ಸ್ವರಗಳಿಗೆ ಸಲೀಸಾಗಿ ಹೋಗಲೆಂದು, ರಟ್ಟಿನಲ್ಲಿ ಇಲ್ಲದ ಒಂದು ಸಣ್ಣ ಬಾಗು ತೆಗೆಯುತ್ತಾರೆ. ಅದನ್ನು ಯಾರೂ ಕೇಳಿರಲಿಲ್ಲ.

ಶಿಗ್ಗಾವಿಯ ಮದುವೆ ಮಧ್ಯಾಹ್ನದ್ದು. ಅಕ್ಷತೆ ಬಿದ್ದು ಪಂಕ್ತಿ ಶುರುವಾಗುತ್ತಲೇ ಆರ್ಕೆಸ್ಟ್ರಾ ಕೂಡ ಶುರುವಾಗುತ್ತದೆ. ಮೋನಪ್ಪ ತೊಳೆದ ಧೋತರ, ಟೋಪಿ ಹಾಕಿಕೊಂಡು ಬಂದಿದ್ದಾರೆ. ಊಟಕ್ಕೆ ಕರೆದರೆ ಆಮೇಲೆ ಎನ್ನುತ್ತಾರೆ. ಪೆಂಡಾಲಿನ ಹಿಂದಿನ ಕಂಬದ ಹತ್ತಿರ, ಜನರೇಟರಿನ ಹೊಗೆ ಬರುವಲ್ಲಿ ನಿಲ್ಲುತ್ತಾರೆ.

ಮಜೀದ ವೇದಿಕೆಯ ಎಡಕ್ಕಿದ್ದಾನೆ. ನಿಂತಿದ್ದಾನೆ. ಗಿಟಾರು ಕೆಂಪಗಿದೆ. ದೂರಕ್ಕೆ ಅದರ ಉದ್ದ ಕೊಂಬು ಅವನ ಎದೆಗೆ ಅಡ್ಡ ಹಿಡಿದ ತೋಳಿನಂತೆ ಕಾಣುತ್ತದೆ. ಕೊಂಬನ್ನು ನೋಡಿ ಯಾರೂ ನಗುವುದಿಲ್ಲ. ನಿಜ ಹೇಳಬೇಕೆಂದರೆ ಹೆಚ್ಚಿನವರು ಅತ್ತ ನೋಡುವುದೂ ಇಲ್ಲ, ಊಟ ಮಾಡುತ್ತಿದ್ದಾರೆ. ಮುಂದಿನ ಸಾಲಿನ ಮಕ್ಕಳು ಮಾತ್ರ ಬಾಯಿ ತೆರೆದು ನೋಡುತ್ತಿದ್ದಾರೆ.

ಮೋನಪ್ಪ ಗಿಟಾರನ್ನು ನೋಡುವುದಿಲ್ಲ. ಮಜೀದನ ಎಡಗೈಯನ್ನೇ ನೋಡುತ್ತಾರೆ. ಮೊದಲ ಹಾಡಿನಲ್ಲಿ ಅದು ತಂತಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಎರಡನೆಯ ಹಾಡಿನಲ್ಲೂ ಹೋಗುವುದಿಲ್ಲ. ನಡುವೆ ಮಲ್ಲೇಶಪ್ಪ ಮೈಕಿನಲ್ಲಿ ಎಲ್ಲರ ಹೆಸರು ಹೇಳುತ್ತಾರೆ. “ಗಿಟಾರದ ಮ್ಯಾಲ, ನಮ್ಮ ಸವಣೂರ ಮಜೀದ!” ಎಂದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮೂರನೆಯ ಹಾಡಿನ ಮೊದಲಿಗೆ ಮಜೀದನ ಕೈ ಮೊಣಕಾಲಿಗೆ ಬರುತ್ತದೆ. ಯಾರೋ ಕುರ್ಚಿ ತರುತ್ತಾರೆ. ಅವನು ಕೂತು ನುಡಿಸುತ್ತಾನೆ. ಹಾಡು ಕೆಡುವುದಿಲ್ಲ.

ಹಾಡುಗಳೆಲ್ಲ ಮುಗಿದ ಮೇಲೆ ಮೋನಪ್ಪ ವೇದಿಕೆಯ ಹಿಂದೆ ಹೋಗಿ ಮಜೀದನ ಜೊತೆ ಎರಡು ಮಾತಾಡಿ ಬರುತ್ತಾರೆ. ಕೊನೆಯ ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ಬಸ್ ಸ್ಟ್ಯಾಂಡಿನ ತನಕ ಜೊತೆಯಾಗಿ ನಡೆಯುತ್ತೇವೆ. ಮನೆಯಲ್ಲಿ ಕೂರಿಗೆಗಳು ಕಾದಿವೆ, ಮೋಡ ಕಟ್ಟುತ್ತಿದೆ, ರೈತರು ಬೈಯುತ್ತಿದ್ದಾರೆ. ಇನ್ನೊಂದು ಗಿಟಾರು ಮಾಡುವ ಆಸೆ ಇದೆಯೇ ಎಂದು ಕೇಳುತ್ತೇನೆ.

“ಎರಡು ಹಾಡಿಗೆ ನಿಂತ. ಮೂರನೇದಕ್ಕ ಕುಂತ, ನೋಡಿದ್ರಲ್ಲ?” ಎನ್ನುತ್ತಾರೆ. “ಗಿಟಾರದ ಬೆನ್ನಾಗ ಇನ್ನೂ ಮರಾ ಐತ್ರಿ. ಅಂಜಿ ದಪ್ಪ ಬಿಟ್ಟಿದ್ದೆ. ನಾಳೆ ನಾಡದ ತಂದು ಕೊಡು ಅಂದು ಬಂದೇನಿ. ತೂಕ ಎರಡೂ ಕಡೆ ಸಮ ನೋಡಿ ಒಂದೀಟು ಕೆತ್ತತೇನಿ, ಹಗರಾಗತೈತಿ. ಮೂರನೇ ಹಾಡಿಗೂ ನಿಂದರ್ಲಿ.”